ಚರ್ಚೆ ದಾರಿ ತಪ್ಪದ ಹಾಗೆ, ಹಾಡಿದ್ದೇ ಹಾಡದ ಹಾಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಇದನ್ನ ಬರೆಯೋಕೆ ಕಾರಣ ಸಿಂಪಲ್. ಚರ್ಚೆ ನಡೆಸೋ ಕೆಲ್ಸ ಹೇಗೋ ನನ್ನ ಕುತ್ತಿಗೆಗೆ ಬಂದು ಬಿದ್ದು ಸುಮಾರು ವರ್ಷ ಆಯ್ತು, ಪುಸ್ತಕ ಓದೋರ ಗುಂಪು, ಸಂಘದ ಮೀಟಿಂಗು, ಆಫೀಸಲ್ಲಿ ಟೀಮ್ ಕೂತು ಜಗಳ ಆಡೋದು, ಎಲ್ಲಾ ನೋಡಿದ್ದಾಯ್ತು, ಎಲ್ಲೇ ಹೋದ್ರೂ ಮುಗಿದ್ಮೇಲೆ ಯಾರಾದ್ರೂ ಪಕ್ಕಕ್ಕೆ ಕರ್ದು ಅದೇ ಪ್ರಶ್ನೆ ಕೇಳ್ತಾರೆ. ವಿಷಯ ಬಿಟ್ಟು ಎಲ್ಲೆಲ್ಲೋ ಹೋಗೋರನ್ನ ಹೇಗೆ ವಾಪಸ್ ಕರ್ಕೊಂಡ್ ಬರೋದು, ಹಾಡಿದ್ದೇ ಹಾಡೋ ಕಿಸಬಾಯಿದಾಸನ್ನ ಏನ್ ಮಾಡೋದು ಅಂತ. ಹೇಳಿದ್ದೇ ಹೇಳೋರ ಬಗ್ಗೆ ಹೇಳಿದ್ದೇ ಹೇಳಿ ಹೇಳಿ ನಾನೇ ಆ ದಾಸ ಆಗ್ಬಿಟ್ಟಿದೀನಿ ಅನ್ನಿಸ್ತು, ಅದಕ್ಕೆ ಒಂದ್ಸಲ ಬರೆದು ಹಾಕ್ತಿದೀನಿ.

ಯಾವ ಮಾತು ವಿಷಯಕ್ಕೆ ಸೇರಿದ್ದು, ಯಾವ್ದು ಸೇರಿಲ್ಲ ಅಂತ ಯಾವ ಲೆಕ್ಕದಲ್ಲಿ ಹೇಳೋದು?

ಬಹಳಷ್ಟು ಕಡೆ ವಿಷಯ ಅಂತ ಬರೆಯೋದು ಬರೀ ಒಂದು ಪದ. "ಬಜೆಟ್", "ಕಾರ್ಯಕ್ರಮ", "ಸಮಸ್ಯೆಗಳು". ಸಮಸ್ಯೆಗಳು ಅಂತ ಬರೆದ್ರೆ ಪ್ರಪಂಚದಲ್ಲಿ ಯಾವ್ದು ಅದಕ್ಕೆ ಸೇರಲ್ಲ ಹೇಳಿ? ಎಲ್ಲಾನೂ ಸೇರತ್ತೆ, ಆಮೇಲೆ ಯಾರ್ನೂ ತಡೆಯೋಕೆ ನಿಮಗೆ ಬಾಯಿ ಇರಲ್ಲ. ವಿಷಯಾನ ಪ್ರಶ್ನೆ ಥರ ಬರೀರಿ. "ಮುಂದಿನ ಮೂರು ತಿಂಗಳು ವಾರಕ್ಕೊಂದ್ಸಲ ಸೇರೋಣ್ವಾ, ತಿಂಗಳಿಗೊಂದ್ಸಲ ಸಾಕಾ?" ಹಿಂಗೆ. ಆಗ ಅಳತೆಗೋಲು ತಾನಾಗೇ ಸಿಗತ್ತೆ: ಈ ಮಾತಿನಿಂದ ಉತ್ತರ ಆ ಕಡೆ ಈ ಕಡೆ ಜರುಗತ್ತಾ? ಜರುಗತ್ತೆ ಅಂದ್ರೆ ಒಳಗೆ, ಇಲ್ಲ ಅಂದ್ರೆ ಹೊರಗೆ. ಮಾತು ನಿಜಾನಾ, ಚೆನ್ನಾಗಿದ್ಯಾ, ಮುಖ್ಯಾನಾ ಅನ್ನೋದು ಬೇರೆ ಪ್ರಶ್ನೆ. ನಿಜವಾದ, ಮುಖ್ಯವಾದ, ಆದ್ರೆ ಇವತ್ತಿನ ವಿಷಯಕ್ಕೆ ಸಂಬಂಧ ಇಲ್ಲದ ಮಾತು ಬೇಕಾದಷ್ಟಿರತ್ತೆ, ಮತ್ತೆ ಚರ್ಚೆ ಹಾಳು ಮಾಡೋದು ಹೆಚ್ಚಾಗಿ ಅವೇ, ಯಾಕಂದ್ರೆ ಪೂರ್ತಿ ತಲೆಬುಡ ಇಲ್ದಿರೋ ಮಾತಿಗೆ ಯಾರೂ ಕಿವಿ ಕೊಡಲ್ಲ, ಇವಕ್ಕೆ ಕೊಡ್ತಾರೆ.

ಇದು ಹೊಸ ತಲೆನೋವೇನಲ್ಲ. ಗೌತಮರ ನ್ಯಾಯಸೂತ್ರ ಅಂತ ತರ್ಕದ ಬಗ್ಗೆ ಒಂದು ಹಳೇ ಸಂಸ್ಕೃತ ಗ್ರಂಥ ಇದೆ, ಅದ್ರಲ್ಲಿ ವಾದದಲ್ಲಿ ಸೋಲೋ ಜಾಗಗಳು ಅಂತ 22 ಪಟ್ಟಿ ಮಾಡಿದಾರೆ, ನಿಗ್ರಹಸ್ಥಾನ ಅಂತಾರೆ ಅದಕ್ಕೆ. ಅದ್ರಲ್ಲೊಂದು ಅರ್ಥಾಂತರ, ಅಂದ್ರೆ ಹಿಡಿದ ವಿಷಯ ಬಿಟ್ಟು ಸಂಬಂಧ ಇಲ್ದಿರೋದನ್ನ ತರೋದು. ಇನ್ನೊಂದು ಪುನರುಕ್ತ, ಹೇಳಿದ್ದೇ ಹೇಳೋದು. ಸಾವಿರಾರು ವರ್ಷದ ಹಿಂದೇನೇ ಈ ಎರಡೂ ಕಾಟ ಇತ್ತು ಅಂತ ಗೊತ್ತಾದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು.

ವಿಷಯ ಬಿಟ್ಟು ಹೋಗೋರು ಬೇಕಂತ್ಲೇ ಹಾಗ್ ಮಾಡ್ತಾರಾ?

ಒಬ್ಬಿಬ್ಬರು ಮಾಡ್ತಾರೆ. ಉಳಿದವರೆಲ್ಲ ತಮಗೆ ಗೊತ್ತಿರೋ ಕಡೆಗೆ ಜಾರ್ತಾರೆ ಅಷ್ಟೇ. ಪಾರ್ಕಿನ್ಸನ್ ಅನ್ನೋ ಇಂಗ್ಲಿಷ್ ಲೇಖಕರು 1957ರಲ್ಲಿ ಇದನ್ನ ತಮಾಷೆಯಾಗಿ ಬರೆದಿದ್ರು, ಒಂದು ಕಾಲ್ಪನಿಕ ಕಮಿಟಿ, ಅದರ ಮುಂದೆ ಅಣುಸ್ಥಾವರ ಕಟ್ಟೋ ಪ್ಲಾನು ಬರತ್ತೆ, ಎರಡೂವರೆ ನಿಮಿಷದಲ್ಲಿ ಪಾಸು. ಆಮೇಲೆ ನೌಕರರ ಸೈಕಲ್ ನಿಲ್ಸೋಕೆ ಒಂದು ಶೆಡ್ಡು, ಅದಕ್ಕೆ 45 ನಿಮಿಷ ಕಿತ್ತಾಟ. ಅಣುಸ್ಥಾವರ ಯಾರಿಗೂ ಅರ್ಥ ಆಗಲ್ಲ, ಸುಮ್ನೆ ತಲೆ ಆಡಿಸ್ತಾರೆ. ಶೆಡ್ಡಿನ ಚಾವಣಿ ಯಾವ್ದ್ರಲ್ಲಿ ಮಾಡ್ಬೇಕು ಅನ್ನೋದಕ್ಕೆ ಎಲ್ಲರ ಹತ್ರಾನೂ ಅಭಿಪ್ರಾಯ ಇರತ್ತೆ.

ಹಾಗಾಗಿ ಜನ ಬಣ್ಣ, ಹೆಸ್ರು, ಕುರ್ಚಿ ಯಾವ ಕಡೆ ಹಾಕ್ಬೇಕು ಅನ್ನೋದ್ರ ಸುತ್ತಾನೇ ಗಿರಕಿ ಹೊಡೀತಿದಾರೆ ಅಂದ್ರೆ ಮೊದ್ಲು ಒಂದು ಅನುಮಾನ ಪಡಿ: ಮುಖ್ಯ ವಿಷಯ ಅವರಿಗೆ ಅರ್ಥ ಆಗಿಲ್ವೇನೋ. ಗದರೋದಕ್ಕಿಂತ ಎರಡು ಹೆಜ್ಜೆ ಹಿಂದೆ ಹೋಗಿ ಆ ಕಷ್ಟದ ಭಾಗಾನ ಇನ್ನೊಂದ್ಸಲ ಸರಳವಾಗಿ ವಿವರಿಸಿದ್ರೆ ಅರ್ಧ ಜನ ತಾವೇ ವಾಪಸ್ ಬರ್ತಾರೆ.

ಸರಿ, ಹೊರಗಿನ ವಿಷಯ ಬಂದೇಬಿಡ್ತು. ಆ ಕ್ಷಣದಲ್ಲಿ ಏನ್ ಹೇಳ್ಬೇಕು?

"ಅದು ಇಲ್ಲಿ ಬೇಡ" ಅಂತ ಮಾತ್ರ ಹೇಳ್ಬೇಡಿ. ಕೇಳಿದವರಿಗೆ "ನೀನು ಬೇಡ" ಅಂತ ಕೇಳಿಸತ್ತೆ. ನಾನು ಮಾಡೋದು ಏನಂದ್ರೆ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಕೊಂಡಿರ್ತೀನಿ, ಮೇಲ್ಗಡೆ "ಆಮೇಲೆ" ಅಂತ ಬರೆದಿರತ್ತೆ, ಬಂದ ಮಾತನ್ನ ಅವರ ಮಾತಲ್ಲೇ ಅಲ್ಲಿ ಬರ್ದು, ಓದಿ ಹೇಳಿ, "ಸರಿಯಾಗಿ ಬರ್ದೆನಾ?" ಅಂತ ಕೇಳ್ತೀನಿ. ಹೂಂ ಅಂದ್ರೆ ಮುಂದಕ್ಕೆ. ಹದಿನೈದು ಸೆಕೆಂಡಿನ ಕೆಲ್ಸ.

ಆದ್ರೆ ಇದ್ರಲ್ಲೊಂದು ಮೋಸ ಇದೆ, ಅದನ್ನ ಹೇಳ್ಲೇಬೇಕು. ಆ "ಆಮೇಲೆ" ಹಾಳೆ ಬಹಳ ಕಡೆ ಮಾತಿನ ಸ್ಮಶಾನ ಆಗಿರತ್ತೆ, ಬರ್ಕೊಳ್ತಾರೆ, ಮತ್ತೆ ಯಾರೂ ತೆಗೆದು ನೋಡಲ್ಲ. ಎರಡ್ ಸಲ ಹಾಗಾದ್ರೆ ಸಾಕು, ಜನಕ್ಕೆ ಗೊತ್ತಾಗತ್ತೆ, ಮೂರನೇ ಸಲ "ಬರ್ಕೊಳ್ತೀನಿ" ಅಂದಾಗ ಯಾರೂ ಸುಮ್ಮನಾಗಲ್ಲ. ಅದಕ್ಕೆ ಪ್ರತಿ ಮಾತಿನ ಪಕ್ಕ ಯಾರು ನೋಡ್ತಾರೆ, ಯಾವತ್ತಿನೊಳಗೆ ಅಂತ ಬರೀಬೇಕು, ಮುಂದಿನ ಸಲ ಸೇರಿದಾಗ ಮೊದಲ ಐದು ನಿಮಿಷ ಅದೇ ಹಾಳೆ ಓದ್ಬೇಕು. ಆ ಐದು ನಿಮಿಷ ಉಳಿಸೋಕೆ ಹೋಗಿ ಐವತ್ತು ನಿಮಿಷ ಕಳ್ಕೊಂಡವರನ್ನ ನೋಡಿದೀನಿ. ನಾನೂ ಕಳ್ಕೊಂಡಿದೀನಿ.

"ಮೊದ್ಲು ನೀವು ಮಾಡಿದ್ದು ನೋಡ್ಕೊಳ್ಳಿ" ಅಂತ ತಿರುಗಿಸಿದ್ರೆ?

ಇದಕ್ಕೂ ಆ 22ರಲ್ಲಿ ಹೆಸರಿದೆ, ಮತಾನುಜ್ಞಾ. ನಿನ್ನಲ್ಲಿ ಈ ದೋಷ ಇದೆ ಅಂದಾಗ ಅದಕ್ಕೆ ಉತ್ತರ ಕೊಡದೆ "ನಿನ್ನಲ್ಲೂ ಇದೆ" ಅನ್ನೋದು. ಹೆಸರೇ ಹೇಳತ್ತೆ ನೋಡಿ, ಎದುರಿನವರ ಮತಕ್ಕೆ ಒಪ್ಪಿಗೆ ಕೊಟ್ಟ ಹಾಗೆ. ನಿನ್ನಲ್ಲೂ ಇದೆ ಅಂದ ತಕ್ಷಣ ನನ್ನಲ್ಲಿ ಇದೆ ಅಂತ ಒಪ್ಕೊಂಡ ಹಾಗಾಯ್ತಲ್ಲ. ನಡೆಸೋರು ಹೇಳ್ಬೇಕಾದ್ದು ಇಷ್ಟೇ: "ಎರಡೂ ಬರ್ಕೊಂಡಿದೀನಿ, ಒಂದಾದ್ಮೇಲೆ ಒಂದು ತಗೊಳ್ಳೋಣ, ಮೊದ್ಲು ಬಂದಿದ್ದು ಮೊದ್ಲು."

ಇಷ್ಟೆಲ್ಲಾ ಯಾಕೆ, ಟೀಕೆನೇ ಮಾಡ್ಬೇಡಿ ಅಂದ್ಬಿಟ್ರೆ ಆಗಲ್ವಾ?

ಆಗಲ್ಲ. ಹಾಗ್ ಅಂದ್ಕೊಂಡು ಸುಮಾರು ಜನ ಪ್ರಯತ್ನ ಪಟ್ಟಿದಾರೆ. ಅಮೆರಿಕದ ಅಲೆಕ್ಸ್ ಆಸ್‌ಬಾರ್ನ್ ಅನ್ನೋರು ಬ್ರೈನ್‌ಸ್ಟಾರ್ಮಿಂಗ್ ಅಂತ ಶುರು ಮಾಡಿದ್ರಲ್ಲ, ಅದರ ಮುಖ್ಯ ನಿಯಮಾನೇ ಐಡಿಯಾ ಬರ್ತಿರುವಾಗ ಟೀಕೆ ಕೂಡದು ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಶಾರ್ಲನ್ ನೆಮೆತ್ ಮತ್ತವರ ಜೊತೆಗಾರರು 2004ರಲ್ಲಿ ಅಮೆರಿಕದಲ್ಲೂ ಫ್ರಾನ್ಸಲ್ಲೂ ಗುಂಪುಗಳನ್ನ ಕೂರಿಸಿ ನೋಡಿದಾಗ, ಕೆಲವರಿಗೆ ಟೀಕೆ ಬೇಡ ಅಂದ್ರು, ಕೆಲವರಿಗೆ ಧಾರಾಳವಾಗಿ ವಾದ ಮಾಡಿ, ಟೀಕೆನೂ ಮಾಡಿ ಅಂದ್ರು, ಜಾಸ್ತಿ ಐಡಿಯಾ ಬಂದಿದ್ದು ವಾದ ಮಾಡಿ ಅಂದ ಗುಂಪುಗಳಲ್ಲಿ.

ನನ್ನ ಅನುಭವಾನೂ ಅದೇ. ಟೀಕೆ ನಿಲ್ಸಿದ್ರೆ ಟೀಕೆ ಸಾಯಲ್ಲ, ಮೆಟ್ಟಿಲ ಹತ್ರ ನಿಂತು ಗುಸುಗುಸು ಆಗತ್ತೆ, ಅದು ಇನ್ನೂ ಕೆಟ್ಟದು. ಇಲ್ಲಿ ಮಾತಾಡ್ತಿರೋದು ಟೀಕೆ ಕಮ್ಮಿ ಮಾಡೋದ್ರ ಬಗ್ಗೆ ಅಲ್ಲ, ಅದೇ ಟೀಕೆ ಏನೂ ಸೇರಿಸ್ಕೊಳ್ದೆ ಹಂಗಂಗೇ ವಾಪಸ್ ಬರೋದ್ರ ಬಗ್ಗೆ. ಎರಡಕ್ಕೂ ಆಕಾಶ ಭೂಮಿಯಷ್ಟು ವ್ಯತ್ಯಾಸ ಇದೆ, ಮತ್ತೆ ಎರಡನ್ನೂ ಒಂದೇ ಮಾಡಿ ಟೀಕಿಸೋರ ಬಾಯಿ ಮುಚ್ಚಿಸೋಕೆ "ರಿಪೀಟ್ ಆಯ್ತು" ಅನ್ನೋ ಮಾತನ್ನ ಬಳಸ್ಕೊಳ್ಳೋ ಅಧ್ಯಕ್ಷರೂ ಇದಾರೆ.

ಒಂದೇ ಟೀಕೆ ಹೇಳ್ತಾನೇ ಇರ್ತಾರಲ್ಲ, ಅವರಿಗೇ ಬೇಜಾರಾಗಲ್ವಾ?

ಆಗತ್ತೆ. ಎಲ್ಲರಿಗಿಂತ ಜಾಸ್ತಿ ಅವರಿಗೇ ಆಗಿರತ್ತೆ.

ಒಂದು ಸಂಘದಲ್ಲಿ (ಹೆಸ್ರು ಬೇಡ) ಒಬ್ಬ ಹಿರಿಯರಿದ್ರು, ಪ್ರತಿ ಮೀಟಿಂಗಲ್ಲೂ ಲೆಕ್ಕಪತ್ರ ತಡವಾಗಿ ಬರತ್ತೆ, ಓದೋಕೆ ಟೈಮೇ ಸಿಗಲ್ಲ ಅಂತ ಎದ್ದು ನಿಲ್ತಿದ್ರು. ಚರ್ಚೆ ಯಾವ್ದರ ಬಗ್ಗೆನೇ ಇರ್ಲಿ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಅಲ್ಲಿಗೇ ಬರ್ತಿದ್ರು. ಶುರು ಆಯ್ತಪ್ಪಾ ಅಂತ ನಾವೆಲ್ಲ ಮುಖ ಮುಖ ನೋಡ್ಕೊಳ್ತಿದ್ವಿ. ನಾನು ನಡೆಸೋ ಸರದಿ ಬಂದಾಗ ಒಂದಿನ ಹಳೇ ಮಿನಿಟ್ಸ್ ಎಲ್ಲಾ ತೆಗೆದು ನೋಡಿದೆ, ಈ ಮನುಷ್ಯ ಎರಡು ವರ್ಷದಿಂದ ಹೇಳ್ತಿರೋ ಮಾತು ಒಂದೇ ಒಂದ್ಸಲಾನೂ ಅದ್ರಲ್ಲಿ ಇಲ್ಲ! ಯಾರೂ ಬರ್ದೇ ಇಲ್ಲ. "ಸದಸ್ಯರು ಸಲಹೆ ನೀಡಿದರು" ಅಂತ ಒಂದು ಸಾಲು. ಮುಂದಿನ ಮೀಟಿಂಗಲ್ಲಿ ಅವರು ಎದ್ದಾಗ ನಾನು "ಸರ್, ನೀವು ಹೇಳ್ತಿರೋದು ಇದೇ ತಾನೆ, ಲೆಕ್ಕ ಮೀಟಿಂಗಿಗೆ ಏಳು ದಿನ ಮೊದ್ಲು ಕೈಗೆ ಬರ್ಬೇಕು, ಬರದಿದ್ರೆ ಆ ದಿನ ಅದ್ರ ಮೇಲೆ ತೀರ್ಮಾನ ಮಾಡ್ಬಾರ್ದು" ಅಂತ ಜೋರಾಗಿ ಓದಿ, ಹೌದು ಅಂತ ಅವರ ಬಾಯಲ್ಲಿ ಹೇಳ್ಸಿ, ಎಲ್ಲರ ಮುಂದೆ ಬರೆದೆ. ಖಜಾಂಚಿ ಏಳು ದಿನ ಆಗಲ್ಲ, ಮೂರು ದಿನ ಆಗತ್ತೆ ಅಂದ್ರು. ಮುಗೀತು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಅವರಿಗೆ ಬೇಕಿದ್ದ ಏಳು ದಿನ ಸಿಗಲಿಲ್ಲ, ಆದ್ರೂ ಎತ್ತಲಿಲ್ಲ, ಅದನ್ನ ಗಮನಿಸಿ.

ಅಂದ್ರೆ ಮಾತು ವಾಪಸ್ ಬರೋದು ಹೆಚ್ಚಾಗಿ ಮೊದಲನೇ ಸಲ ಅದಕ್ಕೆ ಕೂರೋಕೆ ಜಾಗ ಸಿಕ್ಕಿಲ್ಲ ಅಂತ. ಉತ್ತರ ಹೂಂ ಆಗಿರ್ಲಿ ಊಹೂಂ ಆಗಿರ್ಲಿ, ಉತ್ತರ ಅಂತ ಒಂದು ಬೇಕು, ಕಾರಣದ ಜೊತೆ, ಬರಹದಲ್ಲಿ. "ನೋಡೋಣ" ಅನ್ನೋದು ಉತ್ತರ ಅಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನಾಳೆ ಅದೇ ಮಾತು ವಾಪಸ್ ಬರೋಕೆ ನೀವೇ ಕೊಟ್ಟ ಆಹ್ವಾನ.

ಬರ್ಕೊಂಡ್ವಿ, ಉತ್ತರಾನೂ ಕೊಟ್ವಿ. ಆಮೇಲೂ ಅದನ್ನೇ ಹೇಳ್ತಾರೆ!

ಹಾಂ, ಈಗ ಅದು ಪುನರುಕ್ತ. ಈಗ ಒಂದೇ ಪ್ರಶ್ನೆ ಕೇಳಿ, "ಹೋದ್ಸಲದ ಮೇಲೆ ಹೊಸದೇನಾದ್ರೂ ಇದ್ಯಾ?" ವ್ಯಂಗ್ಯ ಬೇಡ, ನಿಜವಾಗ್ಲೂ ಗೊತ್ತಾಗ್ಬೇಕು ಅಂತ ಕೇಳಿ. ಹೊಸ ಮಾಹಿತಿ ಇದ್ರೆ, ಪರಿಸ್ಥಿತಿ ಬದಲಾಗಿದ್ರೆ, ನಾವು ಕೊಟ್ಟ ಉತ್ತರದಲ್ಲೇ ತೂತಿದ್ರೆ ಮಾತಾಡ್ಲಿ, ಪೂರ್ತಿ ಮಾತಾಡ್ಲಿ. ಇಲ್ಲ ಅಂದ್ರೆ ಹಳೇ ಉತ್ತರ ಎಲ್ಲಿದೆ ತೋರಿಸಿ ಮುಂದಕ್ಕೆ ಹೋಗಿ. ಈ ಪ್ರಶ್ನೆ ಎಲ್ಲರಿಗೂ ಒಂದೇ ಥರ ಕೇಳ್ಬೇಕು, ನಿಮ್ಮ ಫ್ರೆಂಡಿಗೂ ಸೇರಿ. ಹೊಗಳಿಕೆ ರಿಪೀಟ್ ಆದಾಗ ತಲೆದೂಗಿ ಟೀಕೆ ರಿಪೀಟ್ ಆದಾಗ ಮಾತ್ರ ಈ ಪ್ರಶ್ನೆ ತೆಗೆದ್ರೆ ಎರಡೇ ದಿನದಲ್ಲಿ ಗೊತ್ತಾಗ್ಬಿಡತ್ತೆ ಜನಕ್ಕೆ.

ನ್ಯಾಯಸೂತ್ರದವರು ಇಲ್ಲೂ ಒಂದು ಸೂಕ್ಷ್ಮ ಇಟ್ಟಿದಾರೆ, ನನಗೆ ತುಂಬಾ ಇಷ್ಟ ಅದು. ಹೇಳಿದ್ದನ್ನ ಮತ್ತೆ ಹೇಳೋದು ದೋಷ, ಆದ್ರೆ ಅನುವಾದ ಬಿಟ್ಟು ಅಂತಾರೆ. ಇವತ್ತು ನಾವು ಒಂದು ಭಾಷೆಯಿಂದ ಇನ್ನೊಂದಕ್ಕೆ ತರೋದಕ್ಕೆ ಅನುವಾದ ಅಂತೀವಿ, ಅಲ್ಲಿ ಅದರ ಅರ್ಥ ಒಂದು ಉದ್ದೇಶ ಇಟ್ಕೊಂಡು ಹಿಂದೆ ಹೇಳಿದ್ದನ್ನ ಮತ್ತೆ ಹೇಳೋದು. ತಡವಾಗಿ ಬಂದೋರಿಗೆ ಇಲ್ಲಿವರೆಗಿನ ಕಥೆ ಹೇಳೋದು, ಎದುರಿನವರ ಮಾತನ್ನ ಸರಿಯಾಗಿ ಅರ್ಥ ಮಾಡ್ಕೊಂಡೆನಾ ಅಂತ ಪರೀಕ್ಷೆ ಮಾಡೋಕೆ ತಿರುಗಿ ಹೇಳೋದು, ಇವೆಲ್ಲ ನನ್ನ ಲೆಕ್ಕದಲ್ಲಿ ಆ ಕಡೆಗೇ ಸೇರತ್ತೆ. ಇದನ್ನ ನಿಲ್ಸೋಕೆ ಹೋಗ್ಬೇಡಿ.

ಅಷ್ಟೊಂದು ಸಲ ಹೇಳ್ತಿದಾರೆ ಅಂದ್ರೆ ತುಂಬಾ ಜನಕ್ಕೆ ಹಾಗೇ ಅನ್ನಿಸಿರ್ಬೇಕು ಅಲ್ವಾ?

ಇಲ್ಲೇ ನಮ್ಮ ತಲೆ ನಮಗೆ ಟೋಪಿ ಹಾಕೋದು. 2007ರಲ್ಲಿ ಕಿಂಬರ್ಲಿ ವೀವರ್ ಮತ್ತವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ರು, ಗುಂಪಲ್ಲಿ ಒಬ್ಬರೇ ಒಂದು ಅಭಿಪ್ರಾಯಾನ ಮೂರು ಸಲ ಹೇಳಿದ್ರೆ, ಆ ಮಾತುಗಳನ್ನ ಓದಿದವರು ಅದನ್ನ ಮೂರು ಬೇರೆ ಬೇರೆ ಜನ ಹೇಳಿದ್ದಕ್ಕೆ ಹೆಚ್ಚುಕಮ್ಮಿ ಹತ್ರಹತ್ರ ತೂಕ ಕೊಡ್ತಾರೆ, ಇಡೀ ಗುಂಪಿನ ಅಭಿಪ್ರಾಯಾನೇ ಅದು ಅಂದ್ಕೊಳ್ತಾರೆ. ಹೇಳ್ತಿರೋದು ಒಬ್ಬರೇ ಅಂತ ಗೊತ್ತಿದ್ರೂ! ಎಲ್ಲೋ ಕೇಳಿದ ಹಾಗಿದೆ ಅನ್ನೋದನ್ನ ಎಲ್ಲರೂ ಹೇಳ್ತಿದಾರೆ ಅಂತ ತಲೆ ಓದ್ಕೊಳತ್ತೆ.

ನಡೆಸೋರಿಗೆ ಇದ್ರಿಂದ ಒಂದು ಕೆಲ್ಸ ಹುಟ್ಕೊಳತ್ತೆ, ಎಣಿಸೋದು. ಎಷ್ಟು ಸಲ ಬಂತು ಅಂತಲ್ಲ, ಎಷ್ಟು ಜನರಿಂದ ಬಂತು ಅಂತ. ಕೈ ಎತ್ತಿಸಿ ನೋಡಿ. ಒಂದು ಗಂಟೆ ಕಿವಿ ತುಂಬಿದ್ದ ದೂರಿಗೆ ಎರಡೇ ಕೈ ಎದ್ದಿದ್ದನ್ನೂ ನೋಡಿದೀನಿ, ಒಂದೇ ಸಲ ಮೆಲ್ಲಗೆ ಬಂದು ಹೋದ ಮಾತಿಗೆ ಅರ್ಧ ರೂಮು ಕೈ ಎತ್ತಿದ್ದನ್ನೂ ನೋಡಿದೀನಿ.

ಒಬ್ಬರಿಗೆ ಎಷ್ಟು ಸಲ, ಎಷ್ಟು ಹೊತ್ತು ಮಾತಾಡೋಕೆ ಬಿಡ್ಬೇಕು?

ಹೆನ್ರಿ ರಾಬರ್ಟ್ ಅಂತ ಅಮೆರಿಕದ ಸೇನೆಯಲ್ಲಿ ಎಂಜಿನಿಯರ್ ಒಬ್ರಿದ್ರು. 1863ರಲ್ಲಿ ಒಂದು ಸಭೆ ನಡೆಸಿ ಅಂತ ಇವರನ್ನ ಕೂರಿಸಿದ್ರು, ಹೇಗೆ ನಡೆಸ್ಬೇಕು ಅಂತ ಗೊತ್ತಾಗ್ದೆ ಸಿಕ್ಕಾಪಟ್ಟೆ ಮುಜುಗರ ಆಯ್ತು ಪಾಪ, ಆ ಸಿಟ್ಟಲ್ಲಿ ಓದಿ ಓದಿ 1876ರಲ್ಲಿ ಸಭೆಯ ನಿಯಮಗಳ ಪುಸ್ತಕ ಬರೆದ್ರು, ಇವತ್ತಿಗೂ ಪ್ರಪಂಚದ ಎಷ್ಟೋ ಸಂಘಗಳು ಅದನ್ನೇ ಹಿಡ್ಕೊಂಡಿವೆ. ಅದ್ರಲ್ಲಿ ಲೆಕ್ಕ ಹೀಗಿದೆ: ಒಂದು ವಿಷಯದ ಮೇಲೆ ಒಂದು ದಿನದಲ್ಲಿ ಒಬ್ಬರಿಗೆ ಎರಡು ಸಲ, ಸಲಕ್ಕೆ 10 ನಿಮಿಷ, ಮತ್ತೆ ಇನ್ನೂ ಬಾಯೇ ತೆಗೀದಿರೋರು ಮಾತಾಡ್ಬೇಕು ಅಂತ ಕಾಯ್ತಿರೋವರೆಗೂ ನಿಮಗೆ ಎರಡನೇ ಚಾನ್ಸ್ ಇಲ್ಲ. 10 ನಿಮಿಷ ನಮಗೆ ಜಾಸ್ತಿ ಆಯ್ತು, ಮೂರು ನಿಮಿಷ ಸಾಕು. ಆದ್ರೆ ಆ ಕೊನೇ ನಿಯಮ ಇದ್ಯಲ್ಲ, ಅದೊಂದನ್ನ ಹಾಕಿ ಸಾಕು, ಬೇರೇನೂ ಬೇಡ. ರಿಪೀಟ್ ಮಾಡೋರಿಗೆ ಟೈಮೇ ಸಿಗಲ್ಲ, ಯಾರ್ನೂ ಬೈಬೇಕಾಗೂ ಇಲ್ಲ.

ದೊಡ್ಡ ದೊಡ್ಡ ಸಭೆಗಳಿಗೂ ಈ ಕಾಟ ತಪ್ಪಿದ್ದಲ್ಲ. ಲೋಕಸಭೆಯ ನಡಾವಳಿ ನಿಯಮ 356 ಇದಕ್ಕೋಸ್ಕರಾನೇ ಇರೋದು, ಸದಸ್ಯರು ಸಂಬಂಧ ಇಲ್ದಿರೋದನ್ನ ಮಾತಾಡ್ತಾನೇ ಇದ್ರೆ, ಇಲ್ಲಾ ತಮ್ಮ ವಾದಾನೋ ಬೇರೆಯವರ ವಾದಾನೋ ಬೇಸರ ಬರೋ ಹಾಗೆ ಹೇಳಿದ್ದೇ ಹೇಳ್ತಿದ್ರೆ, ಸ್ಪೀಕರ್ ಮೊದ್ಲು ಸಭೆಯ ಗಮನಕ್ಕೆ ತಂದು ಆಮೇಲೆ ಭಾಷಣ ನಿಲ್ಸಿ ಅನ್ನಬಹುದು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸಲ್ಲೂ ಇಂಥದ್ದೇ ನಿಯಮ ಇದೆ. ಇದ್ರಲ್ಲಿ ಎರಡು ವಿಷಯ ನೋಡಿ. ಬೇರೆಯವರು ಆಗ್ಲೇ ಹೇಳಿದ ವಾದಾನ ನೀವು ತಿರುಗಿ ಹೇಳೋದೂ ರಿಪೀಟೇ, ನನ್ನ ಬಾಯಿಂದ ಮೊದಲ್ನೇ ಸಲ ಅನ್ನೋ ಸಬೂಬು ನಡೆಯಲ್ಲ. ಇನ್ನೊಂದು, ಮೊದ್ಲು ಎಚ್ಚರಿಕೆ, ಆಮೇಲೆ ನಿಲ್ಸೋದು. ನೇರವಾಗಿ ಬಾಯಿ ಮುಚ್ಚಿಸೋದಲ್ಲ.

ತೀರ್ಮಾನ ಆದ್ಮೇಲೆ ಮತ್ತೆ ಕೆದಕೋದು ಸರಿನಾ?

ದಾರಿ ಇರ್ಬೇಕು, ಹೆದ್ದಾರಿ ಇರ್ಬಾರ್ದು. ಅದೇ ರಾಬರ್ಟರ ನಿಯಮದಲ್ಲಿ ಒಂದು ಜಾಣತನ ಇದೆ, ಆದ ತೀರ್ಮಾನವನ್ನ ಮರುಪರಿಶೀಲಿಸಿ ಅಂತ ಕೇಳೋ ಹಕ್ಕು ಗೆದ್ದ ಪಕ್ಷಕ್ಕೆ ಮತ ಹಾಕಿದವರಿಗೆ ಮಾತ್ರ. ಸೋತವರು ದಿನಾ ಬಂದು ಕೇಳೋ ಹಾಗಿಲ್ಲ, ಆದ್ರೆ ಗೆದ್ದವರಲ್ಲಿ ಒಬ್ಬರ ಮನಸ್ಸು ಬದಲಾಯಿಸಿದ್ರೆ ಬಾಗಿಲು ತೆಗೆಯತ್ತೆ. ಸಣ್ಣ ಗುಂಪಿಗೆ ಇದು ತೀರಾ ಬಿಗಿ ಅನ್ನಿಸಿದ್ರೆ ಒಂದು ದಿನಾಂಕ ಇಟ್ಬಿಡಿ, ಈ ತೀರ್ಮಾನ ಆರು ತಿಂಗಳು, ಆಮೇಲೆ ಮತ್ತೆ ನೋಡ್ತೀವಿ ಅಂತ. ದಿನಾಂಕ ಇದ್ರೆ ಜನ ಕಾಯ್ತಾರೆ.

ಪದೇ ಪದೇ ಹೇಳ್ತಿದ್ದವರೇ ಸರಿಯಾಗಿದ್ರೆ?

ಈ ಪ್ರಶ್ನೆ ಕೇಳಿದವರಿಗೆ ನನ್ನ ನಮಸ್ಕಾರ, ಯಾಕಂದ್ರೆ ಇದನ್ನ ಮರೆತ್ರೆ ಮೇಲೆ ಬರೆದಿದ್ದೆಲ್ಲ ಅಪಾಯ.

1986ರ ಜನವರಿ 28ಕ್ಕೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ರು. ರಾಕೆಟ್ಟಿನ ಭಾಗಗಳನ್ನ ಸೇರಿಸೋ ಜಾಗದಲ್ಲಿ ಓ ರಿಂಗ್ ಅಂತ ರಬ್ಬರ್ ಬಳೆ ಇರತ್ತೆ, ಚಳಿಗೆ ಅದು ಗಟ್ಟಿಯಾಗಿ ಸರಿಯಾಗಿ ಮುಚ್ಕೊಳ್ಳಲ್ಲ, ಬಿಸಿ ಗ್ಯಾಸ್ ಸೋರತ್ತೆ. ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲಿ 1985ರ ಜುಲೈನಲ್ಲೇ ಇದು ಜೀವ ತೆಗೆಯೋ ಅಪಾಯ ಅಂತ ಬರೆದು ಕೊಟ್ಟಿದ್ರು. ಹಾರೋ ಹಿಂದಿನ ರಾತ್ರಿ ಫೋನ್ ಮೀಟಿಂಗಲ್ಲಿ ಅವರೂ ಜೊತೆಗಿದ್ದ ಎಂಜಿನಿಯರುಗಳೂ ಇಷ್ಟು ಚಳಿಯಲ್ಲಿ ಬೇಡ ಅಂದ್ರು. ಮ್ಯಾನೇಜರುಗಳು ಲೈನಿಂದ ಹೊರಗೆ ಹೋಗಿ ತಮ್ಮ ತಮ್ಮಲ್ಲೇ ಮಾತಾಡಿ, ಬಂದು ಹಾರಿಸಿ ಅಂದ್ರು.

ಆ ರೂಮಲ್ಲಿ ಕೂತಿದ್ದ ಕೆಲವರಿಗಾದ್ರೂ ಬೋಜೊಲಿ ಹಾಡಿದ್ದೇ ಹಾಡೋ ಮನುಷ್ಯನ ಥರ ಕಂಡಿರ್ಬಹುದು. ಅದಕ್ಕೇ ನಾನು ಪದೇ ಪದೇ ಬರೋ ಟೀಕೆನ ಮೊದ್ಲು "ಉತ್ತರ ಸಿಕ್ಕಿದ್ಯಾ" ಅಂತ ನೋಡ್ಬೇಕು ಅನ್ನೋದು. ಎಷ್ಟನೇ ಸಲ ಅನ್ನೋದು ಆಮೇಲೆ. ಉತ್ತರಾನೇ ಸಿಗದ ಮಾತು ನೂರನೇ ಸಲ ಬಂದ್ರೂ ಅದು ಪುನರುಕ್ತ ಅಲ್ಲ, ಬಾಕಿ. ಜೀವ, ಆರೋಗ್ಯ, ದುಡ್ಡಿನ ಮೋಸ, ಯಾರಿಗಾದ್ರೂ ಕಿರುಕುಳ, ಇಂಥ ವಿಷಯದಲ್ಲಿ ಮೂರು ನಿಮಿಷದ ಲೆಕ್ಕ, ಸರದಿ ಲೆಕ್ಕ ಎಲ್ಲಾ ಪಕ್ಕಕ್ಕಿಡಿ. ಇನ್ನೊಂದು ಮಾತು, ಹೀಗೆ ಸರಿಯಾದ ವಿಷಯ ಹಿಡ್ಕೊಂಡಿರೋರಿಗೂ ಹೇಳೋದೇನಂದ್ರೆ, ಬಾಯಲ್ಲಿ ಹತ್ತು ಸಲ ಹೇಳೋದಕ್ಕಿಂತ ಒಂದ್ಸಲ ಬರ್ದು, ತಾರೀಕು ಹಾಕಿ, ಇದಕ್ಕೆ ಲಿಖಿತವಾಗಿ ಉತ್ತರ ಬೇಕು ಅಂತ ಕೇಳಿ. ಬೋಜೊಲಿ ಬರೆದಿದ್ದು ಆಮೇಲೆ ತನಿಖೆಗೆ ದಾಖಲೆ ಆಯ್ತು.

ಹೇಳಿದ್ದೇ ಹೇಳಿ ಗೆದ್ದವರು ಯಾರಾದ್ರೂ ಇದಾರಾ?

ಇದಾರೆ, ಅದೇ ದುರಂತ. ಪ್ರಾಚೀನ ರೋಮಿನಲ್ಲಿ ಕೇಟೋ ಅಂತ ಒಬ್ಬ ಮುದುಕ, ಸೆನೆಟ್ಟಲ್ಲಿ ಯಾವ ವಿಷಯದ ಮೇಲೆ ಮಾತಾಡಿದ್ರೂ ಕೊನೆಗೆ ಕಾರ್ಥೇಜ್ (ರೋಮಿನ ಶತ್ರು ನಗರ) ನಾಶ ಆಗ್ಬೇಕು ಅಂತ ಸೇರಿಸ್ತಿದ್ದನಂತೆ. ವಿಷಯ ಬಿಟ್ಟಿದ್ದೂ ಹೌದು, ರಿಪೀಟೂ ಹೌದು, ನಮ್ಮ ಎರಡೂ ಕಾಯಿಲೆ ಒಬ್ಬನಲ್ಲೇ. ಅದಕ್ಕೆ ಎದುರಾಗಿ ಸ್ಕಿಪಿಯೋ ನಾಸಿಕ ಅನ್ನೋನು ಪ್ರತಿ ಸಲ ಕಾರ್ಥೇಜ್ ಉಳೀಬೇಕು ಅಂತ ಮುಗಿಸ್ತಿದ್ದನಂತೆ, ಪ್ಲೂಟಾರ್ಕ್ ಅನ್ನೋ ಹಳೇ ಗ್ರೀಕ್ ಲೇಖಕ ಬರೆದಿದಾನೆ. ಒಂದು ಪಲ್ಲವಿ ಶುರುವಾದ್ರೆ ಎದುರುಗಡೆ ಇನ್ನೊಂದು ಪಲ್ಲವಿ ಹುಟ್ಟತ್ತೆ ನೋಡಿ. ಕ್ರಿಸ್ತಪೂರ್ವ 146ರಲ್ಲಿ ಕಾರ್ಥೇಜ್ ಸುಟ್ಟು ನೆಲಸಮ ಆಯ್ತು, ಅಷ್ಟೊತ್ತಿಗೆ ಕೇಟೋ ಸತ್ತು ಮೂರು ವರ್ಷ ಆಗಿತ್ತು.

ಮಾತೇ ಆಡದೆ ಕೂತಿರೋರನ್ನ ಏನ್ ಮಾಡೋದು? ಅದೂ ಇದಕ್ಕೆ ಸಂಬಂಧಾನಾ?

ತುಂಬಾ ಸಂಬಂಧ. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಅನ್ನೋ ಇಬ್ಬರು ಸಂಶೋಧಕರು ತೋರಿಸಿದ್ದೇನಂದ್ರೆ, ಗುಂಪು ಕೂತಾಗ ಎಲ್ಲರಿಗೂ ಆಗ್ಲೇ ಗೊತ್ತಿರೋ ವಿಷಯದ ಸುತ್ತಾನೇ ಮಾತು ಸುತ್ತತ್ತೆ, ಒಬ್ಬರಿಗೆ ಮಾತ್ರ ಗೊತ್ತಿರೋದು ಆಚೆ ಬರೋದೇ ಇಲ್ಲ, ಅದ್ರಿಂದ ತಪ್ಪು ತೀರ್ಮಾನಾನೂ ಆಗತ್ತೆ. ರಿಪೀಟ್ ಆಗೋ ಟೀಕೆ ಅಂದ್ರೆ ಹೆಚ್ಚುಕಮ್ಮಿ ಇದೇ ತಾನೆ, ಎಲ್ಲರಿಗೂ ಗೊತ್ತಿರೋದು. ಅದು ತಿನ್ನೋ ಟೈಮು ಸುಮ್ಮನೆ ಕೂತಿರೋರ ಟೈಮು. ಶುರುವಿಗೆ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಬೇರೆ ಯಾರೂ ಹೇಳಲ್ಲ ಅಂತ ನಿಮಗನ್ನಿಸೋ ಒಂದು ವಿಷಯ ಬರೀರಿ ಅನ್ನಿ. ಅದರಿಂದಾನೇ ಶುರು ಮಾಡಿ.

ನಡೆಸೋರೇ ಒಂದು ಕಡೆ ವಾಲಿದ್ರೆ?

ನಿಮಗೆ ಆ ವಿಷಯದಲ್ಲಿ ಬಲವಾದ ಅಭಿಪ್ರಾಯ ಇದ್ರೆ ಅವತ್ತಿನ ಮಟ್ಟಿಗೆ ಕುರ್ಚಿ ಬೇರೆಯವರಿಗೆ ಬಿಟ್ಟು ಕೆಳಗೆ ಕೂತು ಮಾತಾಡಿ. ಎರಡೂ ಮಾಡೋಕೆ ಹೋಗಿ ನಾನು ಒಂದ್ಸಲ ಚೆನ್ನಾಗಿ ಬೈಸ್ಕೊಂಡಿದೀನಿ, ಬೈದಿದ್ದು ಸರಿಯಾಗೇ ಇತ್ತು.

ಸುಮ್ಮನೆ ಕೊಂಕು ತೆಗೆಯೋರು, ಯಾವ್ದಕ್ಕೂ ಪರಿಹಾರ ಹೇಳದವರು?

ವಿತಂಡವಾದ ಅಂತೀವಲ್ಲ, ಅದರ ಮೂಲ ಅರ್ಥಾನೇ ಇದು, ತನ್ನದೇನೂ ಸ್ಥಾಪಿಸ್ದೆ ಎದುರಿನವರದ್ದನ್ನ ಕೆಡವೋದು ಮಾತ್ರ. ಆದ್ರೂ "ಪರಿಹಾರ ಇಲ್ದೆ ಸಮಸ್ಯೆ ತರ್ಬೇಡಿ" ಅನ್ನೋ ನಿಯಮ ನನಗೆ ಹಿಡಿಸಲ್ಲ. ಮನೆ ಸೋರ್ತಿದೆ ಅನ್ನೋಕೆ ಗಾರೆ ಕೆಲಸ ಗೊತ್ತಿರ್ಬೇಕಾ? ಪರಿಹಾರ ಕೇಳ್ಬೇಡಿ, ವಿವರ ಕೇಳಿ: ಎಲ್ಲಿ, ಯಾವಾಗ, ಏನಾಯ್ತು. "ಎಲ್ಲಾ ಹಾಳಾಗಿದೆ" ಅನ್ನೋದನ್ನ ಬರ್ಕೊಳ್ಳೋಕಾಗಲ್ಲ, "ಹೋದ ಎರಡು ಸಲಾನೂ ಅರ್ಧ ಗಂಟೆ ತಡವಾಗಿ ಶುರುವಾಯ್ತು" ಅನ್ನೋದನ್ನ ಬರ್ಕೊಳ್ಬಹುದು. ಮೊಸರಲ್ಲಿ ಕಲ್ಲು ಹುಡುಕೋರು ಎರಡನೇ ಪ್ರಶ್ನೆಗೇ ಸುಸ್ತಾಗ್ತಾರೆ, ನಿಜವಾಗ್ಲೂ ತೊಂದ್ರೆ ಇರೋರು ಖುಷಿಯಾಗಿ ಹೇಳ್ತಾರೆ.

ಆ ಹಾಡಿದ್ದೇ ಹಾಡೋರು ನಾನೇ ಅಂತ ಅನುಮಾನ ಬಂದಿದೆ. ಏನ್ ಮಾಡ್ಲಿ?

ನಿಮ್ಮ ಮಾತು ಶುರುವಾದಾಗ ಬೇರೆಯವರು ಅದನ್ನ ಮುಗಿಸ್ಬಲ್ಲರಾ ನೋಡಿ. ಮುಗಿಸ್ತಾರೆ ಅಂದ್ರೆ ಅವರಿಗೆ ಕೇಳಿಸಿದೆ ಅಂತ ಅರ್ಥ, ಒಪ್ಪಿಲ್ಲ ಅಷ್ಟೇ. ಆಗ ಅದನ್ನೇ ಇನ್ನೊಂದ್ಸಲ ಜೋರಾಗಿ ಹೇಳೋದ್ರ ಬದ್ಲು ಯಾಕೆ ಒಪ್ಪಿಲ್ಲ ಅಂತ ಅವರಲ್ಲಿ ಒಬ್ಬರನ್ನ ಮೀಟಿಂಗಿನ ಹೊರಗೆ ಕೇಳಿ. ಕೇಳಿಸೇ ಇಲ್ಲ, ಯಾರೂ ಬರ್ಕೊಂಡಿಲ್ಲ ಅಂದ್ರೆ ಒಂದು ಹಾಳೆಯಲ್ಲಿ ಮೂರು ಸಾಲು ಬರ್ದು ನಡೆಸೋರ ಕೈಗೆ ಕೊಟ್ಟು, ಮಿನಿಟ್ಸಲ್ಲಿ ಸೇರ್ಸಿ ಅನ್ನಿ, ಮುಂದಿನ ಸಲ ಮಿನಿಟ್ಸ್ ಓದುವಾಗ ಇದ್ಯಾ ಇಲ್ವಾ ನೋಡಿ. ಇಲ್ಲ ಅಂದ್ರೆ ಎದ್ದು ನಿಂತು ಮತ್ತೆ ಹೇಳಿ, ಆಗ ತಪ್ಪು ನಿಮ್ಮದಲ್ಲ.